ಅಡ್ಡಗೋಡೆಯ ಮೇಲಿನ ದೀಪ

ಹೊಸ ಮನೆಗೆ ಬಂದ ಮೂರನೇ ದಿನವೇ ನಮ್ಮ ಕಣ್ಣು ಆ ಗೋಡೆಯ ಮೇಲೆ ಬಿತ್ತು. ಹೊಸದು ಅಂದರೆ ನಮಗೆ ಹೊಸದು, ಮನೆಗೇನೋ ಸಾಕಷ್ಟು ವಯಸ್ಸಾಗಿತ್ತು. ಹಾಲ್‌ಗೂ ಅಡುಗೆಮನೆಗೂ ನಡುವೆ ಹತ್ತಡಿ ಉದ್ದ, ಹತ್ತಡಿ ಎತ್ತರಕ್ಕೆ ಅದು ಸುಮ್ನೆ ನಿಂತಿತ್ತು. ಹಾಲ್‌ಗೆ ಬೆಳಕು ಬರುವುದಿಲ್ಲ, ಅಡುಗೆಮನೆಯಲ್ಲಿ ಸೆಕೆ, ಫ್ರಿಜ್ ಇಡಲು ಜಾಗ ಇಲ್ಲ, ಹೀಗೆ ಮನೆಯ ಎಲ್ಲ ತಾಪತ್ರಯಕ್ಕೂ ಆ ಗೋಡೆಯೇ ಕಾರಣ ಅಂತ ವಾರದೊಳಗೆ ತೀರ್ಮಾನವಾಯಿತು. ತಪ್ಪು ಹೊರಿಸುವುದಾದರೆ ಬಾಯಿ ಇಲ್ಲದವರ ಮೇಲೆ ಹೊರಿಸುವುದು ಒಳ್ಳೆಯದು, ಅಲ್ವಾ?

ಒಡೆಯಬಹುದಾ ಅಂತ ಕೇಳಿದರೆ ಮಾತ್ರ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಮೇಸ್ತ್ರಿ ಬೆರಳು ಮಡಿಸಿ ಗೋಡೆಗೆ ಎರಡು ಸಲ ಕುಟ್ಟಿ, ಕಿವಿಯಿಟ್ಟು ಕೇಳಿ, "ಒಡೀಬಹುದು ಸಾರ್, ಆದ್ರೆ ನೋಡ್ಕೊಂಡು ಒಡೀಬೇಕು" ಅಂದ. ಗೆಳೆಯನೊಬ್ಬ "ಒಡೆದ್ರೆ ಚೆನ್ನಾಗಿರತ್ತೆ, ಒಡೀದೇ ಇದ್ರೂ ಚೆನ್ನಾಗೇ ಇದೆ" ಅಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಅಂತ ಚಿಕ್ಕಂದಿನಲ್ಲಿ ಎಷ್ಟು ಸಲ ಬೈಸಿಕೊಂಡಿದ್ದೇನೋ. ಖುದ್ದು ಅಡ್ಡಗೋಡೆಯ ವಿಷಯಕ್ಕೇ ಜನ ಹಾಗೆ ಮಾತಾಡುತ್ತಾರೆ ಅಂತ ಗೊತ್ತಿರಲಿಲ್ಲ.

ಕೊನೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ತಮಾಷೆ ಅಂದರೆ ಅವರು ಗೋಡೆಯನ್ನು ಸರಿಯಾಗಿ ನೋಡಲೇ ಇಲ್ಲ. ತಲೆಯೆತ್ತಿ ಸೂರು ನೋಡಿದರು, ಮಹಡಿ ಹತ್ತಿ ಇದರ ನೇರಕ್ಕೆ ಅಲ್ಲೂ ಗೋಡೆ ಇದೆಯಾ ಅಂತ ನೋಡಿದರು, ಹೊರಗೆ ಹೋಗಿ ಕಂಬ ಎಲ್ಲೆಲ್ಲಿ ಇದೆ ಅಂತ ಎಣಿಸಿದರು, ಮನೆಯ ಹಳೇ ನಕ್ಷೆ ಕೇಳಿದರು. ನಾನು ನಾಲ್ಕು ಕಡೆ ಓದಿಕೊಂಡಿದ್ದೆನಲ್ಲ, ಜಾಣನ ಹಾಗೆ, "ಇದು ನಾಲ್ಕೂವರೆ ಇಂಚಿನ ಗೋಡೆ ಸಾರ್, ಒಂಬತ್ತು ಇಂಚಿಂದಲ್ಲ, ಭಾರ ಹೊತ್ತಿರಲಿಕ್ಕಿಲ್ಲ" ಅಂದೆ. ಅವರು ತಿರುಗಿ ನೋಡಿ, "ತೆಳ್ಳಗಿರೋರು ಭಾರ ಹೊರಲ್ಲ ಅಂತ ಯಾರು ಹೇಳಿದ್ದು?" ಅಂದರು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಈ ಮಾತು ತುಂಬಾ ಹಿಡಿಸಿತು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಕೆಲವು ಮನೆಗಳಲ್ಲಿ ಸೂರು ಗೋಡೆಯ ಮೇಲೇ ಕೂತಿರುತ್ತದೆ. ಅಲ್ಲಿ ಗೋಡೆ ತೆಗೆಯುವುದಾದರೆ ಮೊದಲು ಸೂರಿಗೆ ಆಸರೆ ಕೊಡಬೇಕು, ಆಮೇಲೆ ಉಕ್ಕಿನದೋ ಕಾಂಕ್ರೀಟಿನದೋ ತೊಲೆ ಕೂರಿಸಬೇಕು, ಆ ತೊಲೆಯ ಎರಡು ತುದಿಯ ಭಾರ ಇಳಿದು ಹೋಗಲು ಕೆಳಗೆ ಪಾಯದವರೆಗೂ ಗಟ್ಟಿ ದಾರಿ ಇರಬೇಕು. ಇನ್ನು ಕೆಲವು ಮನೆಗಳಲ್ಲಿ ಕಂಬ ಮತ್ತು ತೊಲೆಗಳೇ ಎಲ್ಲವನ್ನೂ ಹೊತ್ತಿರುತ್ತವೆ, ನಡುವಿನ ಗೋಡೆ ಬರೀ ಮರೆ. 1914ರಲ್ಲೇ, ಮುಂದೆ ಲೆ ಕಾರ್ಬೂಸಿಯೆ ಅಂತ ಹೆಸರಾದ ವಾಸ್ತುಶಿಲ್ಪಿ, ಮೂರು ಕಾಂಕ್ರೀಟ್ ಹಾಸು, ಆರು ಕಂಬ, ಒಂದು ಮೆಟ್ಟಿಲಸಾಲು, ಇಷ್ಟನ್ನೇ ಬರೆದು ಇದೇ ಮನೆಯ ಅಸ್ಥಿಪಂಜರ ಅಂದುಬಿಟ್ಟಿದ್ದ. ಅದರಲ್ಲಿ ಗೋಡೆಯೇ ಇಲ್ಲ. ಗೋಡೆಯನ್ನು ಎಲ್ಲಿ ಬೇಕೋ ಅಲ್ಲಿ ಹಾಕಿಕೊಳ್ಳಿ ಅನ್ನುವ ಲೆಕ್ಕ. ಆ ಚಿತ್ರ ನೋಡಿದಾಗಿನಿಂದ ನನಗೆ ನಮ್ಮ ಗೋಡೆಯ ಮೇಲೆ ಸ್ವಲ್ಪ ಕನಿಕರ ಶುರುವಾಯಿತು. ಇಷ್ಟು ವರ್ಷ ನಿಂತೇ ಇತ್ತು, ಪಾಪ, ಆದರೆ ಏನನ್ನೂ ಹೊತ್ತಿರಲಿಲ್ಲ. ಎಂಜಿನಿಯರ್ ಹಾಗಂತ ಬರೆದು ಸಹಿ ಹಾಕಿ ಕೊಟ್ಟರು.

ಒಡೆಯುವ ದಿನ ಮೊದಲ ಪೆಟ್ಟು ನನ್ನದೇ ಆಗಲಿ ಅಂತ ಹಟ ಹಿಡಿದು ದೊಡ್ಡ ಸುತ್ತಿಗೆ ಇಸಿದುಕೊಂಡೆ. ಬೀಸಿದೆ. ಅಂಗೈ ಅಗಲದ ಪ್ಲಾಸ್ಟರ್ ಚೂರು ಬಿತ್ತು, ಭುಜ ಮೊಣಕೈವರೆಗೂ ಜುಮ್ಮೆಂದಿತು. ಮೇಸ್ತ್ರಿ ನಗದೆ ಸುತ್ತಿಗೆ ವಾಪಸ್ ತೆಗೆದುಕೊಂಡ. "ಮೇಲಿಂದ ಬಿಚ್ಕೊಂಡು ಬರ್ಬೇಕು ಸಾರ್, ಕೆಳಗೆ ಹೊಡೆದ್ರೆ ಮೈಮೇಲೇ ಬರತ್ತೆ." ಗೋಡೆಯೊಳಗೆ ಏನೇನಿತ್ತು ಅಂತೀರಿ! ವೈರಿನ ಪೈಪು ನಾವು ಅಂದುಕೊಂಡ ಕಡೆ ಇರದೆ ಓರೆಯಾಗಿ ಹೋಗಿತ್ತು (ಪುಣ್ಯಕ್ಕೆ ಮೇನ್ ಆಫ್ ಮಾಡಿದ್ದೆವು), ಯಾವ ನಲ್ಲಿಗೂ ಹೋಗದ ಒಂದು ನೀರಿನ ಪೈಪಿತ್ತು, ಯಾರೋ ಮುಚ್ಚಿದ ಒಂದು ಗೂಡೂ ಇತ್ತು.

ಧೂಳಿನ ಬಗ್ಗೆ ಬರೆಯಲು ಹೋಗುವುದಿಲ್ಲ, ಬರೆದರೆ ಈಗಲೂ ಕೆಮ್ಮು ಬರುತ್ತದೆ. ಇಟ್ಟಿಗೆ, ಸಿಮೆಂಟಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಒಳ್ಳೆಯ ಮಾಸ್ಕ್ ಬೇಕು, ನೀರು ಚಿಮುಕಿಸುತ್ತಾ ಒಡೆಯಬೇಕು ಅನ್ನುವುದಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ.

ಆದರೆ ತೂಕದ ವಿಷಯ ಹೇಳಲೇಬೇಕು. ಕಾಗದದ ಮೇಲೆ ಲೆಕ್ಕ ಹಾಕಿದರೆ, ನಾಲ್ಕೂವರೆ ಇಂಚು ದಪ್ಪದ ಹತ್ತಡಿಗೆ ಹತ್ತಡಿ ಇಟ್ಟಿಗೆ ಗೋಡೆ ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ. ಐನೂರರ ಆಸುಪಾಸು ಇಟ್ಟಿಗೆ. ನಿಂತಾಗ ಮೂಲೆಗೆ ಒತ್ತಿಕೊಂಡು ಇರುವಷ್ಟೇ ಜಾಗದಲ್ಲಿದ್ದದ್ದು, ಬಿದ್ದ ಮೇಲೆ ಅರಳಿಕೊಂಡು ಹಾಲ್ ತುಂಬಾ ಹರಡಿತ್ತು. ಚೀಲ ತುಂಬಿ ತುಂಬಿ ಹೊರಗೆ ಹಾಕಿದರೂ ಮುಗಿಯದು. ಜಾಗ ಬೇಕು ಅಂತ ಗೋಡೆ ಒಡೆದವರಿಗೆ ಎರಡು ದಿನ ಕಾಲಿಡಲು ಜಾಗ ಇರಲಿಲ್ಲ.

ಎಲ್ಲ ಸಾಗಿಸಿ ಗುಡಿಸಿದ ಮೇಲೆ ನೆಲದಲ್ಲಿ ಉದ್ದಕ್ಕೆ ಒಂದು ಪಟ್ಟಿ ಉಳಿಯಿತು, ಟೈಲ್ಸ್ ಇಲ್ಲದ ಐದಾರು ಇಂಚಿನ ಗಾಯ. ಮೇಲೆ ಸೂರಿನಲ್ಲೂ ಅದರ ಜೋಡಿ. ಅದೇ ಬಣ್ಣದ ಟೈಲ್ಸ್ ಈಗ ಸಿಗುವುದಿಲ್ಲ. ಹಾಲ್‌ನ ನೆಲಕ್ಕೂ ಅಡುಗೆಮನೆಯ ನೆಲಕ್ಕೂ ಅರ್ಧ ಇಂಚು ವ್ಯತ್ಯಾಸ ಇರುವುದು ಆಗಲೇ ಗೊತ್ತಾಗಿದ್ದು. ಇಷ್ಟು ದಿನ ಗೋಡೆ ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿತ್ತು.

ಬೆಳಕು ಬಂತು. ನಿಜಕ್ಕೂ ಬಂತು, ಸುಳ್ಳು ಹೇಳಬಾರದು. ಬೆಳಗ್ಗೆ ಅಡುಗೆಮನೆಯ ಕಿಟಕಿಯ ಬಿಸಿಲು ಹಾಲ್ ದಾಟಿ ಮುಂಬಾಗಿಲವರೆಗೂ ಬಂದು ಮಲಗುತ್ತದೆ. ಅದರ ಜೊತೆ ಪಾತ್ರೆ ತೊಳೆಯುವ ಸದ್ದೂ ಬಂತು, ಒಲೆಯ ಮೇಲಿನ ವಾಸನೆ ಸೋಫಾಕ್ಕೆ ಹತ್ತಿತು, ಟಿವಿ ನೋಡುವವರು ಪಾತ್ರೆ ತೊಳೆಯುವವರ ಕಣ್ಣಿಗೆ ಬಿದ್ದರು. ಕೊನೆಯದು ನನಗೆ ಜಾಸ್ತಿ ತೊಂದರೆಯಾಯಿತು. ಗೋಡೆ ಇದ್ದಾಗ "ಏನಂದೆ? ಕೇಳಿಸ್ಲಿಲ್ಲ" ಅನ್ನಬಹುದಿತ್ತು.

ವಿಚಿತ್ರ ಏನು ಗೊತ್ತಾ, ಗೋಡೆ ಹೋಗಿ ತಿಂಗಳಾದರೂ ನಾವೆಲ್ಲ ಹಳೆಯ ಬಾಗಿಲು ಇದ್ದ ಕಡೆಯಿಂದಲೇ ಅಡುಗೆಮನೆಗೆ ಹೋಗುತ್ತೇವೆ. ಹತ್ತಡಿ ಖಾಲಿ ಇದೆ, ಆದರೂ ಎಡಕ್ಕೆ ಸರಿದು, ಇಲ್ಲದ ಬಾಗಿಲು ದಾಟಿ ಒಳಗೆ. ರಾತ್ರಿ ನೀರು ಕುಡಿಯಲು ಎದ್ದರೆ ಕೈ ಗಾಳಿಯಲ್ಲಿ ಸ್ವಿಚ್ ತಡಕುತ್ತದೆ.

ಮೊನ್ನೆ ಹೆಂಡತಿ ಆ ಪಟ್ಟಿಯ ಮೇಲೆ ನಿಂತು ತುಂಬಾ ಹೊತ್ತು ನೋಡಿದಳು. "ರೀ, ಇಲ್ಲೊಂದು ಸೊಂಟದೆತ್ತರದ ಪುಸ್ತಕದ ಕಪಾಟು ಇಟ್ರೆ ನೆಲದ ಗಾಯನೂ ಮುಚ್ಚತ್ತೆ, ಸಿಂಕೂ ಕಾಣಲ್ಲ. ಅದರ ಮೇಲೆ ಒಂದು ಲ್ಯಾಂಪ್ ಇಟ್ರೆ ಎರಡೂ ಕಡೆಗೂ ಬೆಳಕು. ಏನಂತೀರಾ?"

ನಾನು "ಇಡಬಹುದು, ಇಡದೇ ಇದ್ರೂ ಪರವಾಗಿಲ್ಲ" ಅಂದೆ.