ಅಪ್ಪ ರೋಬೋಟ್ ಅಲ್ಲ

ನಮ್ಮಪ್ಪ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ ಸಾರ್ಟರ್ ಆಗಿದ್ದವರು. ಓಡುವ ರೈಲಿನ ಅಂಚೆ ಬೋಗಿಯಲ್ಲಿ, ಮಂಕು ಬಲ್ಬಿನ ಕೆಳಗೆ, ರಾತ್ರಿಯೆಲ್ಲಾ ನಿಂತು ಕಾಗದ ವಿಂಗಡಿಸುವುದು ಅವರ ಕೆಲಸ. ಡಾಕ್ಟರ ಕೈಬರಹವಾಗಲಿ, ಮಳೆಗೆ ನೆನೆದು ಶಾಯಿ ಹರಡಿದ ಇನ್‌ಲ್ಯಾಂಡ್ ಆಗಲಿ, ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಆಯಾ ಊರಿನ ಚೀಲಕ್ಕೆ ಬೀಳುತ್ತಿತ್ತು. ಇಂಥವರನ್ನು ಮೊನ್ನೆ ಒಂದು ವೆಬ್‌ಸೈಟ್ ಆರು ಅಕ್ಷರ ಓದಲು ಬರಲಿಲ್ಲ ಅಂತ ರೋಬೋಟ್ ಲೆಕ್ಕಕ್ಕೆ ಸೇರಿಸಿಬಿಟ್ಟಿತು.

ಬೇಕಿದ್ದದ್ದು ಇನ್ಶೂರೆನ್ಸಿನ ಒಂದು ರಸೀದಿ, ಅಷ್ಟೇ. ಯಾವ ಕಂಪನಿ ಅಂತ ಕೇಳಬೇಡಿ, ಎಲ್ಲರ ಮನೆ ದೋಸೆಯೂ ತೂತೇ. ಪಾಲಿಸಿ ನಂಬರ್ ಹಾಕಿದ್ದಾಯಿತು, ಹುಟ್ಟಿದ ತಾರೀಖು ಹಾಕಿದ್ದಾಯಿತು. ಕೆಳಗೆ ಗಾಳಿ ಮೆಟ್ಟಿಕೊಂಡವರ ಹಾಗೆ ಸೊಟ್ಟಗೆ ನಿಂತ ಆರು ಅಕ್ಷರ. ಅವುಗಳ ಮೇಲೆ ಅಡ್ಡಾದಿಡ್ಡಿ ಒಂದು ಗೆರೆ. ಅಪ್ಪ ಕನ್ನಡಕವನ್ನು ಹಣೆಗೇರಿಸಿ ನೋಡಿದರು, ಮೂಗಿಗಿಳಿಸಿ ನೋಡಿದರು.

“ಇದು ಸೊನ್ನೆಯೋ, ‘ಓ’ನೋ?”

“‘ಓ’ ಅನ್ಸುತ್ತಪ್ಪ.”

“ಅನ್ಸುತ್ತೆ ಅಂದ್ರೆ ಆಗಲ್ಲ ಕಣೋ. ನಮ್ಮಲ್ಲಿ ಅನ್ಸುತ್ತೆ ಅಂತ ಚೀಲಕ್ಕೆ ಹಾಕಿದ್ರೆ ಮೆಮೋ ಬರ್ತಿತ್ತು.”

‘ಓ’ ಹಾಕಿದೆ. ತಪ್ಪಂತೆ. ಹೊಸ ಆರು ಅಕ್ಷರ ಬಂದವು. ಈ ಸಲ ಚಿಕ್ಕ ‘ಎಲ್’, ದೊಡ್ಡ ‘ಐ’, ಒಂದು, ಮೂವರೂ ಅವಳಿ ಜವಳಿಗಳ ಹಾಗೆ ಪಕ್ಕಪಕ್ಕ. ಅದೂ ತಪ್ಪು. ಮೂರನೇ ಸಲಕ್ಕೆ ಅಕ್ಷರ ಹೋಗಿ ಒಂಬತ್ತು ಚಿತ್ರ ಬಂದವು. ಫೈರ್ ಹೈಡ್ರಂಟ್ ಇರುವ ಚೌಕಗಳನ್ನು ಒತ್ತಬೇಕಂತೆ.

“ಹಾಗಂದ್ರೇನು?”

“ಬೆಂಕಿ ಬಿದ್ದಾಗ ನೀರು ಹಿಡಿಯೋ ನಲ್ಲಿ. ಅಮೆರಿಕದಲ್ಲಿ ರಸ್ತೆ ಬದೀಲಿ ಇರುತ್ತೆ.”

“ನಮ್ ಬೀದೀಲಿ ಕುಡಿಯೋ ನೀರಿನ ನಲ್ಲಿಯೇ ದಿನ ಬಿಟ್ಟು ದಿನ ಬರೋದು,” ಅಂದರು. ಆಮೇಲೆ ಕೆಂಪಗೆ ಗಿಡ್ಡಗೆ ನಿಂತಿದ್ದ ಒಂದನ್ನು ತೋರಿಸಿ, “ಇದು ಅಂಚೆ ಡಬ್ಬಿ ಅಲ್ವೇನೋ? ಪಾಪ, ಯಾರೋ ಮೋಟು ಮಾಡಿದಾರೆ” ಅಂತ ನೊಂದುಕೊಂಡರು.

ಮುಂದಿನದು ಕ್ರಾಸ್‌ವಾಕ್, ಅಂದರೆ ರಸ್ತೆ ದಾಟುವ ಪಟ್ಟೆ. ಬೆಂಗಳೂರಿನಲ್ಲಿ ಕ್ರಾಸ್ ಅಂದರೆ ವಿಳಾಸ. ಎಂಟನೇ ಕ್ರಾಸ್, ಹತ್ತನೇ ಮೇನ್. ಅದರಲ್ಲಿ ನಡೆಯುವುದು ಹೇಗೆ ಅನ್ನುವುದು ಬೇರೆ ಮಾತು. ಅದರ ಮುಂದಿನದು ಬಸ್. ಹಳದಿ ಬಸ್ಸೊಂದನ್ನು ಅಪ್ಪ ಒತ್ತಲೇ ಇಲ್ಲ. ಬಾಗಿಲಲ್ಲಿ ಯಾರೂ ನೇತಾಡುತ್ತಿಲ್ಲ, ಡಿಪೋಗೆ ಹೋಗುತ್ತಿರಬೇಕು, ಅದು ಲೆಕ್ಕಕ್ಕಿಲ್ಲ ಅಂತ.

ಮೂರನೇ ಕ್ಲಾಸಿನ ನನ್ನ ಮಗಳು ಇದನ್ನು ಗೇಮ್ ಅಂದುಕೊಂಡು ಓಡಿಬಂದಳು. “ತಾತ, ನಿಂಗೆ ಇನ್ನೆಷ್ಟು ಲೈಫ್ ಇದೆ?”

“ನವೆಂಬರ್‌ನಲ್ಲಿ ಹೇಳ್ತೀನಮ್ಮ.”

ಅವಳಿಗೆ ಅರ್ಥವಾಗಲಿಲ್ಲ. ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ‘ಬದುಕಿದ್ದೇನೆ’ ಅಂತ ಸರ್ಟಿಫಿಕೇಟ್ ಕೊಡಬೇಕಲ್ಲ, ಆ ಲೆಕ್ಕ ಅವರದು. ಮೊಬೈಲಿನಲ್ಲೇ ಕೊಡುವಂತೆ ಜೀವನ್ ಪ್ರಮಾಣ್ ಬಂದದ್ದು 2014ರ ನವೆಂಬರ್‌ನಲ್ಲಿ. ಅದರ ಮುಂದಿನ ತಿಂಗಳೇ ಗೂಗಲ್ ‘ನಾನು ರೋಬೋಟ್ ಅಲ್ಲ’ ಎಂಬ ಟಿಕ್ ಚೌಕ ತಂದಿತು. ಆಗಿನಿಂದ ಅಪ್ಪ ಜೀವಂತ ಎಂದು ತೋರಿಸುವುದು ವರ್ಷಕ್ಕೆ ಒಂದೇ ಸಲ. ಮನುಷ್ಯ ಎಂದು ತೋರಿಸುವುದು ವಾರಕ್ಕೆ ನಾಲ್ಕು ಸಲ.

ಮನುಷ್ಯನೋ ಯಂತ್ರವೋ ಅಂತ ಪರೀಕ್ಷಿಸುವ ಈ ಆಟಕ್ಕೆ ಕ್ಯಾಪ್ಚಾ ಅಂತ ಹೆಸರು. ಇದರಲ್ಲಿ ಇನ್ನೊಂದು ತಮಾಷೆಯಿದೆ. 2007ರಲ್ಲಿ ರೀಕ್ಯಾಪ್ಚಾ ಅಂತ ಶುರುವಾಯಿತು. ಅದು ಎರಡು ಪದ ತೋರಿಸುತ್ತಿತ್ತು. ಒಂದಕ್ಕೆ ಉತ್ತರ ಅದಕ್ಕೇ ಗೊತ್ತು. ಇನ್ನೊಂದು ಸ್ಕ್ಯಾನ್ ಮಾಡಿದ ಹಳೇ ಪೇಪರಿನ, ಕಂಪ್ಯೂಟರ್ ಓದಲಾಗದೆ ಕೈಚೆಲ್ಲಿದ ಪದ. ನಾವು ಪರೀಕ್ಷೆ ಅಂದುಕೊಂಡು ನ್ಯೂಯಾರ್ಕ್ ಟೈಮ್ಸ್‌ನ ಹಳೇ ಸಂಚಿಕೆಗಳನ್ನು ಟೈಪ್ ಮಾಡಿಕೊಟ್ಟೆವು. 2009ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. 2012ರ ಹೊತ್ತಿಗೆ ಸ್ಟ್ರೀಟ್ ವ್ಯೂ ಎಂಬ ತನ್ನ ಬೀದಿ ಫೋಟೋಗಳಲ್ಲಿನ ಮನೆ ನಂಬರುಗಳನ್ನೂ ನಮ್ಮಿಂದಲೇ ಓದಿಸಿತು. ಇದನ್ನು ಹೇಳಿದ್ದೇ ತಡ, ಅಪ್ಪ ನೆಟ್ಟಗೆ ಕುಳಿತರು.

“ಮನೆ ನಂಬರ್ ಓದ್ಸಿದ್ರಾ? ಅದು ಸಾರ್ಟಿಂಗ್ ಡ್ಯೂಟಿ! ಓಟಿ ಕೊಟ್ರಾ?”

“ಇಲ್ಲಪ್ಪ.”

“ನಮ್ ಯೂನಿಯನ್ ಇದ್ದಿದ್ರೆ ಅವತ್ತೇ ಪೆನ್ ಡೌನ್ ಮಾಡ್ಸಿರೋದು.”

1950ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್, ಯಂತ್ರ ಮನುಷ್ಯನ ಹಾಗೆ ಉತ್ತರ ಕೊಡಬಲ್ಲದೇ ಅಂತ ನೋಡುವ ಒಂದು ಪರೀಕ್ಷೆ ಯೋಚಿಸಿದಾಗ ಮನುಷ್ಯ ಮೇಷ್ಟ್ರು, ಯಂತ್ರ ವಿದ್ಯಾರ್ಥಿ. ಈಗ ಯಂತ್ರ ಬೆತ್ತ ಹಿಡಿದಿದೆ, ನಾವು ಬೆಂಚಿನ ಮೇಲೆ ನಿಂತಿದ್ದೇವೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದವರು ಮತ್ತು ಜೊತೆಗಾರರು 1,400 ಜನರನ್ನು ಕೂರಿಸಿ ಕ್ಯಾಪ್ಚಾ ಬಿಡಿಸಿ ನೋಡಿದರು. ಬಾಟ್‌ಗಳೇ, ಅಂದರೆ ಮನುಷ್ಯರ ವೇಷ ಹಾಕುವ ಪ್ರೋಗ್ರಾಮುಗಳೇ, ನಮಗಿಂತ ಬೇಗ, ನಮಗಿಂತ ಸರಿಯಾಗಿ ಬಿಡಿಸುತ್ತವಂತೆ. ಅಂದರೆ ಈ ಗೇಟಿನಲ್ಲಿ ಕಳ್ಳ ಸಲೀಸಾಗಿ ಒಳಗೆ ಹೋಗುತ್ತಾನೆ, ಮನೆ ಯಜಮಾನ ಹೊರಗೆ ನಿಂತು ಬೆಲ್ ಒತ್ತುತ್ತಿರುತ್ತಾನೆ. ಇನ್ನು ಮೇಲೆ ಫೇಲಾದವರನ್ನು ಮಾತ್ರ ಒಳಗೆ ಬಿಡಲಿ ಅನ್ನುವುದು ನನ್ನ ಸಲಹೆ. ಅಪ್ಪನ ಸಲಹೆ ಬೇರೆ. ಪಿನ್‌ಕೋಡ್ ಬಂದದ್ದು 1972ರಲ್ಲಿ. ಅದಾದ ಎಷ್ಟೋ ವರ್ಷ ಜನ ಅದನ್ನು ಬರೆಯುತ್ತಲೇ ಇರಲಿಲ್ಲವಂತೆ. “‘ಶೀನಪ್ಪ, ಕೆರೆ ಏರಿ ಹತ್ರ, ಹೊಸಹಳ್ಳಿ’ ಅಂತ ಒಂದು ಕಾರ್ಡ್ ಕೊಡು ಆ ರೋಬೋಟಿಗೆ. ಯಾವ ಹೊಸಹಳ್ಳಿಗೆ ಹಾಕುತ್ತೋ ನೋಡೋಣ.”

ಅಷ್ಟರಲ್ಲಿ ಮಗಳು ಟಪಟಪ ಅಂತ ನಾಲ್ಕು ಚೌಕ ಒತ್ತಿದಳು. ಹಸಿರು ಟಿಕ್ ಬಂತು. ಕುಣಿದಾಡಿ, “ತಾತ, ಲೆವೆಲ್ ಟೂ!” ಅಂದಳು. ಲೆವೆಲ್ ಟೂ ಅಂದರೆ ಓಟಿಪಿ. ಅದು ಹೋದದ್ದು ಅಪ್ಪನ ಬಟನ್ ಫೋನಿಗೆ. ಫೋನು ದೇವರ ಮನೆ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗಿತ್ತು. ಅಪ್ಪ ಮಂಡಿ ಹಿಡಿದುಕೊಂಡು ಎದ್ದು, ಹೋಗಿ, ತಂದು, ಮೆಸೇಜ್ ತೆಗೆದು, ಮೂರು ಅಂಕಿ ಹೇಳುವುದರೊಳಗೆ ಸೆಷನ್ ಮುಗಿಯಿತು. ಮತ್ತೆ ಪಾಲಿಸಿ ನಂಬರ್, ಮತ್ತೆ ಆರು ಅಕ್ಷರ.

ಅಪ್ಪ ಮಾತಾಡಲಿಲ್ಲ. ಟ್ರಂಕಿನಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದು ಕಂಪನಿಯ ಮ್ಯಾನೇಜರಿಗೆ ಬರೆಯಲು ಕುಳಿತರು. ಪಾಲಿಸಿ ನಂಬರ್ ಬರೆದಾದ ಮೇಲೆ ಒಂದು ಕ್ಷಣ ಯೋಚಿಸಿದರು. ಆಮೇಲೆ, ಅಲ್ಲಿ ಕೂತವರು ‘ಓ’ ಅಂದುಕೊಂಡಾರು ಅಂತ, ಸೊನ್ನೆಗಳ ಹೊಟ್ಟೆಗೆಲ್ಲ ಒಂದೊಂದು ಗೆರೆ ಎಳೆದರು.