ಮಂಡಿ ನೋವಿಗೂ ಕ್ಯಾಲ್ಸಿಯಂ ಮಾತ್ರೆಯಂತೆ!

ಸಂಜೆ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ಮಂಡಿ ನೋವೆಂದು ಬಂದ ವಯಸ್ಸಾದ ಹೆಂಗಸಿಗೆ ಅಂಗಡಿಯ ಹುಡುಗ ಚೀಟಿ ಕೇಳದೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟ. "ಮೂಳೆಗೆ ಒಳ್ಳೆಯದು ಅಮ್ಮ, ದಿನಕ್ಕೆರಡು ನುಂಗಿ." ಊಟಕ್ಕೆ ಏನು ತಿನ್ನುತ್ತೀರಿ, ಕಿಡ್ನಿಯಲ್ಲಿ ಕಲ್ಲಾಗಿತ್ತೇ, ಬೇರೆ ಮಾತ್ರೆಗಳಿವೆಯೇ? ಒಂದನ್ನೂ ಕೇಳಲಿಲ್ಲ. ಆ ವಯಸ್ಸಿನಲ್ಲಿ ಮಂಡಿ ನೋಯುವುದು ಹೆಚ್ಚಾಗಿ ಕೀಲಿನ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯ ಮೆತ್ತನೆಯ ಪದರ, ಸವೆದು. ಕ್ಯಾಲ್ಸಿಯಂ ಅಲ್ಲಿ ಮಾಡುವುದೇನು?

ನಾನು ಥೈರಾಯ್ಡ್ ಮಾತ್ರೆ ನುಂಗುವವಳು. ಆ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆಯ ಅಂತರ ಬೇಕು. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಯಾವ ಅಂಗಡಿಯವರೂ ನನಗೆ ಹೇಳಿಲ್ಲ. ವಾರಕ್ಕೊಮ್ಮೆ ಎಂದು ಬರೆದುಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿಯನ್ನು (ಕ್ಯಾಲ್ಸಿಯಂ ಮೈಗೆ ಹತ್ತಲು ನೆರವಾಗುವುದು ಇದೇ) ದಿನವೂ ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡು ಆಸ್ಪತ್ರೆ ಸೇರುವವರೂ ಇದ್ದಾರೆ.

ಅಮೆರಿಕದಲ್ಲಿ ಮುಟ್ಟು ನಿಂತ 36,000ಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು ಏಳು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2006ರಲ್ಲೇ ಬಂದಿದೆ. ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಯೂನಿಟ್ ವಿಟಮಿನ್ ಡಿ ಕೊಟ್ಟಿದ್ದರು. ಸೊಂಟದ ಮೂಳೆಯ ಸಾಂದ್ರತೆ ತುಸು ಹೆಚ್ಚಿತು. ಮೂಳೆ ಮುರಿಯುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕಿಡ್ನಿ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಾಯಿತು!

"ಅವರು ಮೊದಲೇ ಸಾಕಷ್ಟು ಹಾಲು, ಚೀಸ್ ತಿನ್ನುವವರು, ನಮ್ಮ ಹೆಂಗಸರಿಗೆ ಕೊರತೆಯಿದೆ" ಎನ್ನುತ್ತೀರಿ. ಸರಿ, ಒಪ್ಪಿದೆ. ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುವವರಿಗೂ ದೀರ್ಘಕಾಲ ಸ್ಟೀರಾಯ್ಡ್ ನುಂಗುವವರಿಗೂ ವೈದ್ಯರು ಬರೆದುಕೊಟ್ಟರೆ ನನ್ನದೇನೂ ತಕರಾರಿಲ್ಲ. ಆದರೆ ಕೊರತೆ ಇದೆಯೋ ಇಲ್ಲವೋ ತಿಳಿಯಲು ಮೊದಲು ತಟ್ಟೆ ನೋಡಬೇಕಲ್ಲವೇ? ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಮೊಸರು, ಸೊಪ್ಪು, ಎಳ್ಳು ಲೆಕ್ಕಕ್ಕಿಲ್ಲವೇ? ನಾನು ಕೇಳುತ್ತಿರುವುದು ಅದೊಂದೇ ಪ್ರಶ್ನೆ, ಮತ್ತೆ ಮತ್ತೆ ಅದೇ.

ಇಷ್ಟೊಂದು ಸಿಟ್ಟು ಯಾಕೆಂದರೆ, ನಮ್ಮಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಬಂದುಹೋದವರೆಲ್ಲ ಕೇಳಿದ್ದು "ಕ್ಯಾಲ್ಸಿಯಂ ಕೊಡುತ್ತಿರಲಿಲ್ಲವೇ?" ಎಂದು. ಕೊಡುತ್ತಿದ್ದೆವು, ಮಹನೀಯರೇ. ಆ ಪಾಚಿಗಟ್ಟಿದ ನೆಲದ ಬಗ್ಗೆ, ಮಂಜಾದ ಕಣ್ಣಿನ ಬಗ್ಗೆ, ತಲೆ ಸುತ್ತು ತರುತ್ತಿದ್ದ ನಿದ್ದೆ ಮಾತ್ರೆಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಇನ್ನು ಕಮೆಂಟಿನಲ್ಲಿ "ಯಾವ ಕಂಪನಿಯ ಮಾತ್ರೆ ಒಳ್ಳೆಯದು ಮೇಡಂ?" ಎಂದು ಕೇಳುವವರಿಗೆ ಉತ್ತರ ಕೊಡುವುದಿಲ್ಲ.