ಆ ಬೆರಳನ್ನು ಇನ್ನಾದರೂ ತೆಗೆಯಿರಿ

ನಾನಿರುವುದು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ. ನಿನ್ನೆ ಅಕ್ಕನ ಮಗ ವಿಡಿಯೋ ಕಾಲ್ ಮಾಡಿ, "ಚಿಕ್ಕಮ್ಮಾ, ನಿಮ್ಮೂರಲ್ಲಿ ಒಬ್ಬ ಹುಡುಗ ಸಮುದ್ರದ ಏರಿಯ ತೂತಿಗೆ ರಾತ್ರಿಯೆಲ್ಲಾ ಬೆರಳಿಟ್ಟು ದೇಶ ಉಳಿಸಿದನಂತೆ, ನಿಜಾನಾ?" ಅಂತ ಕೇಳಿದ. ಅವನ ಇಂಗ್ಲಿಷ್ ಪಾಠದಲ್ಲಿ ಇದೆಯಂತೆ. ಮಗುವಿನ ಮೇಲೆ ಏನೂ ಇಲ್ಲ, ಆದರೆ ಆ ಪಾಠ ಆರಿಸಿದವರ ಮೇಲೆ ಸಿಕ್ಕಾಪಟ್ಟೆ ಸಿಟ್ಟು ಬಂತು.

ಈ ಕಥೆಯನ್ನು ಜಗತ್ತಿಗೆಲ್ಲಾ ಹಬ್ಬಿಸಿದ್ದು ಅಮೆರಿಕದ ಮೇರಿ ಮೇಪ್ಸ್ ಡಾಜ್. 1865ರಲ್ಲಿ ಬಂದ ಅವರ 'ಹಾನ್ಸ್ ಬ್ರಿಂಕರ್' ಕಾದಂಬರಿಯೊಳಗೆ ಇದೊಂದು ಸಣ್ಣ ಕಥೆ. ಬರೆಯುವಾಗ ಅವರು ಈ ದೇಶ ನೋಡಿಯೇ ಇರಲಿಲ್ಲ. ಮರದ ಚಪ್ಪಲಿ, ಗಾಳಿಗಿರಣಿ, ಟುಲಿಪ್ ಹೂವಿನ ಜೊತೆಗೆ ಆ ಬೆರಳೂ ಡಚ್ಚರಿಗೆ ಅಂಟಿಕೊಂಡಿತು.

ಇಲ್ಲಿನ ಏರಿ ಗೋಡೆಯಲ್ಲ. ಹುಲ್ಲು ಬೆಳೆದ, ಕುರಿ ಮೇಯುವ, ಅಗಲವಾದ ಮಣ್ಣಿನ ದಿಬ್ಬ. ನದಿ ತುಂಬಿದಾಗ ಸ್ವಯಂಸೇವಕರು ಟಾರ್ಚ್ ಹಿಡಿದು ಏರಿಯ ಒಳಬದಿಯ, ಅಂದರೆ ಊರ ಕಡೆಯ, ಬುಡ ನೋಡುತ್ತಾ ನಡೆಯುತ್ತಾರೆ. ಎಲ್ಲಾದರೂ ನೀರು ಬುಗ್ಗೆಯಾಗಿ ಉಕ್ಕಿ, ಜೊತೆಗೆ ಮರಳೂ ಬರುತ್ತಿದ್ದರೆ ಅಪಾಯ. ಏರಿಯ ಅಡಿ ಕೊರೆಯುತ್ತಿದೆ ಅಂತ ಅರ್ಥ. ಆಗ ಅದನ್ನು ಮುಚ್ಚುವುದಿಲ್ಲ. ಮುಚ್ಚಿದರೆ ನೀರು ಪಕ್ಕದಲ್ಲೇ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಸುತ್ತ ಮರಳಿನ ಮೂಟೆ ಪೇರಿಸಿ, ಒಳಗೆ ನೀರು ನಿಲ್ಲಲು ಬಿಡುತ್ತಾರೆ. ನಿಂತ ನೀರಿನ ಭಾರಕ್ಕೆ ಒಳಗಿನ ರಭಸ ಇಳಿದು, ಮರಳು ಬರುವುದು ನಿಲ್ಲುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, ಸಾಲಾಗಿ ನಿಂತು ಕೈಯಿಂದ ಕೈಗೆ ಮೂಟೆ ದಾಟಿಸಬೇಕು. ಒಬ್ಬನ ಬೆರಳಿಗೆ ಆಗುವ ಕೆಲಸವೇ ಇದು?

ಇದಕ್ಕಾಗಿಯೇ 13ನೇ ಶತಮಾನದಿಂದ ಇಲ್ಲಿ ನೀರಿನ ಮಂಡಳಿಗಳಿವೆ. ಅವುಗಳಿಗೆ ಇವತ್ತಿಗೂ ಚುನಾವಣೆ ನಡೆಯುತ್ತದೆ, ಬೇರೆಯೇ ತೆರಿಗೆ ಇದೆ. ಊರಿಗೆ ಊರೇ ಸೇರಿ ಕಟ್ಟಿದ್ದನ್ನು ಹೊರಗಿನವರು ಎತ್ತಿ ಒಬ್ಬ ಹುಡುಗನ ಬೆರಳಿಗೆ ಕೊಟ್ಟುಬಿಟ್ಟರಲ್ಲ, ಅದೇ ನನ್ನ ಸಂಕಟ.

"ಮಕ್ಕಳ ಕಥೆ ಕಣೇ, ಬಿಡು" ಅಂದಳು ಅಕ್ಕ. ಡಚ್ಚರೇ 1950ರಲ್ಲಿ ಸ್ಪಾರ್ನ್‌ಡಾಮ್‌ನಲ್ಲಿ ಆ ಹುಡುಗನ ಪ್ರತಿಮೆ ನಿಲ್ಲಿಸಿದ್ದಾರಲ್ಲ ಅಂತ ನೀವೂ ಕೇಳಬಹುದು. ಹೌದು, ಆ ಹುಡುಗನನ್ನು ಹುಡುಕಿಕೊಂಡು ಬರುವ ಅಮೆರಿಕನ್ ಪ್ರವಾಸಿಗರಿಗಾಗಿ ನಿಲ್ಲಿಸಿದರು. ಅಷ್ಟಕ್ಕೇ ಕಥೆ ನಿಜವಾಗುವುದಿಲ್ಲ. ಮೂರೇ ವರ್ಷಕ್ಕೆ, 1953ರ ಜನವರಿ 31ರ ರಾತ್ರಿ, ಬಿರುಗಾಳಿಗೆ ಸಮುದ್ರ ಏರಿಗಳ ಮೇಲೆ ಹರಿದು ಒಳಬದಿಯ ಮಣ್ಣನ್ನೇ ಕಿತ್ತುಹಾಕಿತು. ಈ ದೇಶದಲ್ಲಿ 1,836 ಜನ ಸತ್ತರು. ಇದು ಯಾವ ಮಕ್ಕಳ ಪಾಠದಲ್ಲಿದೆ ಹೇಳಿ?

ಅದೇ ಪ್ರವಾಹದಲ್ಲಿ ನ್ಯೂವರ್‌ಕೆರ್ಕ್ ಎಂಬ ಊರಲ್ಲಿ ನದಿಯ ಏರಿ ಒಡೆದಾಗ, ಮೇಯರ್ ಆಜ್ಞೆಯಂತೆ ಆರಿ ಎವೆಗ್ರೂನ್ ಎಂಬಾತ ತನ್ನ ಸರಕಿನ ದೋಣಿಯನ್ನೇ ಆ ಬಾಯಿಗೆ ಅಡ್ಡ ತಂದು ನಿಲ್ಲಿಸಿದ. ಬದುಕಿಗೆ ಇದ್ದ ದೋಣಿ ಅದು! ನೀರು ತಡೆಯಿತು, ತಗ್ಗಿನ ಊರುಗಳು ಉಳಿದವು. ಸಾಹಸದ ಕಥೆಯೇ ಬೇಕಿದ್ದರೆ ಇದಿದೆಯಲ್ಲ.

ಇದನ್ನು ಓದುವವರಲ್ಲಿ ಮೇಷ್ಟ್ರುಗಳಿದ್ದೀರಿ, ಪಾಠ ಬರೆಯುವವರೂ ಇದ್ದೀರಿ. ದಯವಿಟ್ಟು ಆ ದೋಣಿಯ ಕಥೆ ಹೇಳಿ. ಮೂಟೆ ಪೇರಿಸುವುದರ ಫೋಟೋ ಬೇಕಾದರೆ ಮೆಸೇಜ್ ಮಾಡಿ, ಕಳಿಸುತ್ತೇನೆ.